ಹನ್ನೊಂದು ನಿಮಿಷ, 275 ಅಲಾರಂ

1994ರ ಜುಲೈ 24, ಭಾನುವಾರ. ವೇಲ್ಸ್‌ನ ನೈಋತ್ಯ ಕರಾವಳಿಯ ಮಿಲ್ಫರ್ಡ್ ಹೇವನ್‌ನಲ್ಲಿ ಬೆಳಿಗ್ಗೆಯೇ ಗುಡುಗು ಸಿಡಿಲು. ಅಲ್ಲಿನ ಟೆಕ್ಸಾಕೊ ರಿಫೈನರಿಯ ಕಚ್ಚಾತೈಲ ಘಟಕಕ್ಕೆ ಸಿಡಿಲು ಬಡಿದು ಬೆಂಕಿ ಹತ್ತಿಕೊಂಡಿತು. ಬೇರೆ ಘಟಕಗಳನ್ನೆಲ್ಲ ನಿಲ್ಲಿಸಿದರೂ, ಭಾರವಾದ ತೈಲವನ್ನು ಒಡೆದು ಪೆಟ್ರೋಲ್ ಮಾಡುವ ಕ್ರ್ಯಾಕಿಂಗ್ ಘಟಕವನ್ನು ಮಾತ್ರ ಹೇಗಾದರೂ ನಡೆಸಿಕೊಂಡು ಹೋಗಲು ನೋಡಿದರು. ಐದು ತಾಸಿನ ಹೊತ್ತಿಗೆ, ಮಧ್ಯಾಹ್ನ 1.23ಕ್ಕೆ, ಫ್ಲೇರ್‌ಗೆ ಹೋಗುವ ದಪ್ಪ ಪೈಪೊಂದು ತಿರುವಿನಲ್ಲಿ ಮುರಿಯಿತು. ಸುಮಾರು 20 ಟನ್ ಉರಿಯುವ ದ್ರವ ಮತ್ತು ಆವಿ ಹೊರನುಗ್ಗಿ, 110 ಮೀಟರ್ ದೂರ ತೇಲಿಹೋಗಿ, ಕಿಡಿ ತಾಗಿ ಸ್ಫೋಟಿಸಿತು. 26 ಮಂದಿಗೆ ಸಣ್ಣಪುಟ್ಟ ಗಾಯಗಳಾದವು. ರಜೆಯ ದಿನವಾದ್ದರಿಂದ ಆವರಣದಲ್ಲಿ ಜನ ಕಡಿಮೆ, ಯಾರೂ ಸಾಯಲಿಲ್ಲ. ಹಾಳಾದದ್ದನ್ನು ಮತ್ತೆ ಕಟ್ಟಲು ಸುಮಾರು 4.8 ಕೋಟಿ ಪೌಂಡ್ ಬೇಕಾಯಿತು.

ಸಾವುನೋವಿಲ್ಲದ ಅವಘಡವನ್ನು ಜಗತ್ತು ಬೇಗ ಮರೆಯುತ್ತದೆ. ಆದರೆ ರಾಸಾಯನಿಕ ಕಾರ್ಖಾನೆಗಳ ಕಂಟ್ರೋಲ್ ರೂಮ್ ಬಲ್ಲವರು ಇದನ್ನು ಇಂದಿಗೂ ಮರೆತಿಲ್ಲ. ಅದಕ್ಕೆ ಕಾರಣ, ತನಿಖಾ ವರದಿಯಲ್ಲಿದ್ದ ಒಂದು ಲೆಕ್ಕ. ಸ್ಫೋಟಕ್ಕೆ ಮುನ್ನ, ಕೊನೆಯ ಹನ್ನೊಂದು ನಿಮಿಷಗಳಲ್ಲಿ ಅಲ್ಲಿದ್ದ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂಗಳು ಬಂದಿದ್ದವು. ಎರಡು ಮೂರು ಸೆಕೆಂಡಿಗೆ ಒಂದು.

ಒಳಗೆ ಆದದ್ದೇನು ಎಂಬುದು ಕೇಳಲು ಸರಳ. ಬ್ಯೂಟೇನ್ ಬೇರ್ಪಡಿಸುವ ಗೋಪುರದಿಂದ ದ್ರವ ಹೊರಗೆ ಹೋಗುವ ದಾರಿಯಲ್ಲಿ ಒಂದು ವಾಲ್ವ್ ಮುಚ್ಚಿಕೊಂಡು ಕೂತಿತ್ತು. ಕಂಪ್ಯೂಟರ್ ಪರದೆ ಮಾತ್ರ ಅದು ತೆರೆದಿದೆ ಎಂದೇ ತೋರಿಸುತ್ತಿತ್ತು. ಗೋಪುರಕ್ಕೆ ದ್ರವ ಬರುತ್ತಲೇ ಇತ್ತು, ಹೊರಗೆ ಹೋಗುತ್ತಿರಲಿಲ್ಲ. ಒತ್ತಡ ಏರಿತು, ಸುರಕ್ಷತಾ ವಾಲ್ವ್‌ಗಳು ತೆರೆದುಕೊಂಡವು, ಒಳಗಿದ್ದದ್ದು ಫ್ಲೇರ್ ಕಡೆ ಹರಿಯಿತು. ಫ್ಲೇರ್ ಎಂದರೆ ರಿಫೈನರಿಯ ಎತ್ತರದ ಚಿಮಣಿಯ ತುದಿಯಲ್ಲಿ ಸದಾ ಉರಿಯುವ ಜ್ವಾಲೆ. ಅಲ್ಲಿಗೆ ಅನಿಲ ಹೋಗಬಹುದು, ದ್ರವ ಹೋಗಬಾರದು. ದ್ರವವನ್ನು ತಡೆದು ಹಿಡಿದುಕೊಳ್ಳಲು ಮಧ್ಯೆ ಒಂದು ದೊಡ್ಡ ಡ್ರಮ್ ಇರುತ್ತದೆ. ಅಂದು ಆ ಡ್ರಮ್ಮೇ ತುಂಬಿ ತುಳುಕಿತು. ಅನಿಲಕ್ಕೆಂದು ಮಾಡಿದ, ತುಕ್ಕು ತಿಂದು ತೆಳುವಾಗಿದ್ದ ಪೈಪಿನೊಳಕ್ಕೆ ದ್ರವ ನುಗ್ಗಿತು.

ಡ್ರಮ್ ತುಂಬುತ್ತಿದೆ ಎಂದು ಹೇಳುವ ಅಲಾರಂ ಅಲ್ಲಿರಲಿಲ್ಲವೆ? ಇತ್ತು. ಆದರೆ ಅದು ಉಳಿದ ನೂರಾರು ಅಲಾರಂಗಳ ನಡುವೆ ಒಂದು ಸಾಲಾಗಿ ಬಂದು, ಪರದೆಯ ಮೇಲಿನಿಂದ ಕೆಳಕ್ಕೆ ಜಾರಿಹೋಯಿತು. ಆ ಘಟಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಲಾರಂಗಳನ್ನು ಅಳವಡಿಸಿದ್ದರು. ಅವುಗಳಲ್ಲಿ ಶೇ 87ರಷ್ಟಕ್ಕೆ ‘ಅತಿ ತುರ್ತು’ ಎಂಬ ದರ್ಜೆ. ಎಲ್ಲವೂ ತುರ್ತು ಎಂದಾದಾಗ ಯಾವುದೂ ತುರ್ತಲ್ಲ. ಇನ್ನೊಂದು ಕೊರತೆಯನ್ನೂ ತನಿಖೆ ನಡೆಸಿದ ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಕಾರ್ಯಾಲಯ ಎತ್ತಿ ತೋರಿಸಿತು: ಘಟಕದೊಳಕ್ಕೆ ಎಷ್ಟು ಬರುತ್ತಿದೆ, ಎಷ್ಟು ಹೊರಗೆ ಹೋಗುತ್ತಿದೆ ಎಂದು ಒಂದೇ ನೋಟಕ್ಕೆ ತೋರಿಸುವ ಚಿತ್ರ ಆಪರೇಟರ್‌ಗಳ ಮುಂದೆ ಇರಲಿಲ್ಲ. ಬಿಡಿಬಿಡಿ ಅಂಕಿಗಳು ಇದ್ದವು, ಒಟ್ಟಾರೆ ಕಥೆ ಇರಲಿಲ್ಲ.

ಇಂಥ ಅವಘಡವಾದಾಗಲೆಲ್ಲ ಮೊದಲು ಕೇಳಿಬರುವ ಮಾತು ‘ಆಪರೇಟರ್ ಗಮನಿಸಲಿಲ್ಲ’ ಎಂಬುದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಮನುಷ್ಯನೊಬ್ಬ ಒಂದು ಅಲಾರಂ ಓದಿ, ಅದು ಯಾವ ಉಪಕರಣದ್ದು ಎಂದು ಗುರುತಿಸಿ, ಕಾರಣ ಯೋಚಿಸಿ, ಹೊರಗಿರುವ ಸಹಾಯಕನಿಗೆ ವಾಕಿ-ಟಾಕಿಯಲ್ಲಿ ಹೇಳಿ, ಅವನು ಅಲ್ಲಿಗೆ ಹೋಗಿ ನೋಡಿ ಬಂದು ಉತ್ತರ ಕೊಡುವಷ್ಟರಲ್ಲಿ ನಿಮಿಷಗಳೇ ಉರುಳುತ್ತವೆ. ಎರಡು ಸೆಕೆಂಡಿಗೊಂದು ಅಲಾರಂ ಬರುವಾಗ ಅವನು ಮಾಡಬಹುದಾದದ್ದು ಒಂದೇ: ಶಬ್ದ ನಿಲ್ಲಲಿ ಎಂದು ‘ಅಕ್ನಾಲೆಜ್’ ಗುಂಡಿಯನ್ನು ಒತ್ತುತ್ತ ಇರುವುದು. ಆ ಸ್ಥಿತಿಯನ್ನು ಅವನಿಗೆ ತಂದೊಡ್ಡಿದವರು, ವರ್ಷಗಳ ಹಿಂದೆ ಎಲ್ಲೋ ಒಂದು ಕಚೇರಿಯಲ್ಲಿ ಕುಳಿತು ಆ ಎರಡು ಸಾವಿರ ಅಲಾರಂಗಳನ್ನು ಬರೆದವರು.

ಅಲಾರಂ ಎಂದರೇನು ಎಂಬ ಪ್ರಶ್ನೆಗೆ ಈಗ ಅಂತರರಾಷ್ಟ್ರೀಯ ಮಾನಕಗಳಲ್ಲಿ ಸ್ಪಷ್ಟ ಉತ್ತರವಿದೆ. ಅಮೆರಿಕದಲ್ಲಿ 2009ರಲ್ಲಿ ಬಂದ ಐಎಸ್‌ಎ 18.2, ಅದರ ಬೆನ್ನಲ್ಲೇ 2014ರಲ್ಲಿ ಬಂದ ಐಇಸಿ 62682 ಎರಡೂ ಹೇಳುವುದು ಇಷ್ಟು: ಉಪಕರಣ ಕೆಟ್ಟಾಗ, ಅಥವಾ ಪ್ರಕ್ರಿಯೆ ಹಳಿ ತಪ್ಪಿದಾಗ, ಆಪರೇಟರ್ ಸಕಾಲದಲ್ಲಿ ಏನಾದರೂ ಮಾಡಲೇಬೇಕಾಗಿರುವಾಗ, ಅವನಿಗೆ ಕಣ್ಣಿಗೋ ಕಿವಿಗೋ ತಲುಪುವಂತೆ ಕೊಡುವ ಸೂಚನೆ ಅಲಾರಂ. ಇದರಲ್ಲಿ ‘ಮಾಡಲೇಬೇಕಾದ’ ಎಂಬುದೇ ತಿರುಳು. ಮಾಡುವುದಕ್ಕೆ ಏನೂ ಇಲ್ಲದಿದ್ದರೆ ಅದು ಮಾಹಿತಿ. ಬೇಕಾದವರು ಬೇಕಾದಾಗ ನೋಡಿಕೊಳ್ಳಲಿ. ಅಲಾರಂ ಎಂದರೆ ಒಬ್ಬ ಮನುಷ್ಯನಿಗೆ, ಒಂದು ಗಡುವಿನೊಳಗೆ ಮಾಡು ಎಂದು ಕೊಟ್ಟ ಕೆಲಸ. ಒಂದು ಅಲಾರಂ ಸೇರಿಸಿದಾಗ ಆ ಮನುಷ್ಯನ ಹೆಗಲಿಗೆ ಒಂದು ಕೆಲಸ ಸೇರಿಸಿದ ಹಾಗೆ. ಇದನ್ನು ನೆನಪಿಟ್ಟುಕೊಂಡರೆ ಮಿಕ್ಕ ವಿಷಯವೆಲ್ಲ ಬಿಡಿಸಿಕೊಳ್ಳುತ್ತದೆ.

ಹಾಗಾದರೆ ಎರಡು ಸಾವಿರ ಅಲಾರಂ ಹುಟ್ಟಿದ್ದಾದರೂ ಹೇಗೆ? ಇದಕ್ಕೆ ಹಣದ ಲೆಕ್ಕವೇ ಕಾರಣ ಎಂದರೆ ತಪ್ಪಲ್ಲ. ಹಿಂದೆ ಕಂಟ್ರೋಲ್ ರೂಮಿನ ಗೋಡೆಯುದ್ದಕ್ಕೂ ಪ್ಯಾನೆಲ್ ಇರುತ್ತಿತ್ತು. ಒಂದು ಅಲಾರಂ ಬೇಕೆಂದರೆ ಹೊರಗೆ ಒಂದು ಸ್ವಿಚ್, ಅಲ್ಲಿಂದ ಕೇಬಲ್, ಪ್ಯಾನೆಲ್ಲಿನಲ್ಲಿ ಒಂದು ಗಾಜಿನ ಕಿಟಕಿ, ಅದರ ಹಿಂದೆ ಬಲ್ಬ್ ಎಲ್ಲವೂ ಬೇಕು. ಗೋಡೆಯಲ್ಲಿ ಜಾಗ ಸೀಮಿತ, ಕೈಯಲ್ಲಿದ್ದ ಹಣವೂ ಸೀಮಿತ. ಆದ್ದರಿಂದ ಪ್ರತಿಯೊಂದಕ್ಕೂ ಚರ್ಚೆ ನಡೆಯುತ್ತಿತ್ತು: ಇದು ನಿಜವಾಗಿ ಬೇಕೆ? 1975ರಲ್ಲಿ ಹನಿವೆಲ್ ಮತ್ತು ಯೊಕೊಗಾವಾ ಕಂಪನಿಗಳು ಕಂಪ್ಯೂಟರ್ ಆಧಾರಿತ ವಿತರಿತ ನಿಯಂತ್ರಣ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದವು. ಅಂದಿನಿಂದ ಅಲಾರಂ ಎಂಬುದು ಸಾಫ್ಟ್‌ವೇರಿನ ಒಂದು ಸಾಲು. ಒಂದು ಉಷ್ಣಾಂಶ ಮಾಪಕ ಇದೆಯೆಂದರೆ ಅದಕ್ಕೆ ‘ಹೆಚ್ಚು’, ‘ಅತಿ ಹೆಚ್ಚು’, ‘ಕಡಿಮೆ’, ‘ಅತಿ ಕಡಿಮೆ’, ‘ವೇಗವಾಗಿ ಏರುತ್ತಿದೆ’, ‘ಮಾಪಕ ಕೆಟ್ಟಿದೆ’ ಎಂದೆಲ್ಲ ಅಲಾರಂಗಳು ಬಿಟ್ಟಿ. ಬಿಟ್ಟಿ ಸಿಕ್ಕಿದ್ದನ್ನು ಬೇಡ ಎನ್ನುವವರು ಯಾರು? ವಿನ್ಯಾಸದ ಸಭೆಯಲ್ಲಿ ಯಾರಾದರೊಬ್ಬರು ಅನುಮಾನ ಎತ್ತಿದರೆ, ‘ಅದಕ್ಕೂ ಒಂದು ಅಲಾರಂ ಹಾಕಿಬಿಡೋಣ’ ಎಂದರೆ ಚರ್ಚೆ ಮುಗಿಯುತ್ತದೆ. ಅನುಮಾನ ಎತ್ತಿದವರ ಮನಸ್ಸು ಹಗುರಾಗುತ್ತದೆ, ಭಾರ ಆಪರೇಟರ್ ಕಡೆ ಜಾರುತ್ತದೆ. ನನ್ನನ್ನು ತುಂಬ ಕಾಡುವುದು ಈ ಜಾರುವಿಕೆ.

ಇದು ದೂರದ ಮಾತಲ್ಲ ಎಂಬುದನ್ನೂ ಹೇಳಬೇಕು. ಲೋಕದ ಹಲವು ಕಡೆಯ ರಿಫೈನರಿ, ರಸಗೊಬ್ಬರ, ರಾಸಾಯನಿಕ ಸ್ಥಾವರಗಳ ನಿಯಂತ್ರಣ ವ್ಯವಸ್ಥೆಯನ್ನು ಸಿದ್ಧಪಡಿಸುವ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಮಿತಿ ಎಷ್ಟಿರಬೇಕು, ದರ್ಜೆ ಯಾವುದು ಎಂಬ ಉದ್ದುದ್ದ ಪಟ್ಟಿಗಳನ್ನು ಗಣಕಕ್ಕೆ ಊಡಿಸುವವರಲ್ಲಿ ನಮ್ಮ ಹುಡುಗ ಹುಡುಗಿಯರೂ ಇದ್ದಾರೆ. ಅವರು ತುಂಬುವ ಒಂದು ಕಾಲಂ, ಕೊಲ್ಲಿ ದೇಶವೊಂದರಲ್ಲಿ ರಾತ್ರಿ ಪಾಳಿಯಲ್ಲಿರುವ ಯಾರದೋ ಕೆಲಸವಾಗಿ ಬದಲಾಗುತ್ತದೆ.

ಹಳೆಯ ಗೋಡೆ ಪ್ಯಾನೆಲ್ಲೇ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ 1979ರ ಮಾರ್ಚ್ 28ರ ನಸುಕಿನಲ್ಲಿ ಅವಘಡ ಶುರುವಾದಾಗ, ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂಗಳು ಕೂಗಿದ್ದವು. ಅವುಗಳನ್ನು ದಾಖಲಿಸಬೇಕಾದ ಪ್ರಿಂಟರ್ ತಾಸುಗಟ್ಟಲೆ ಹಿಂದೆ ಬಿತ್ತು. ತೆರೆದೇ ಉಳಿದಿದ್ದ ಒಂದು ವಾಲ್ವ್ ಮುಚ್ಚಿದೆ ಎಂದು ಆಪರೇಟರ್‌ಗಳು ನಂಬಿದ್ದರು. ಏಕೆಂದರೆ ಪ್ಯಾನೆಲ್ಲಿನ ದೀಪ ತೋರಿಸುತ್ತಿದ್ದದ್ದು ವಾಲ್ವ್‌ನ ನಿಜ ಸ್ಥಿತಿಯನ್ನಲ್ಲ, ‘ಮುಚ್ಚಿಕೋ’ ಎಂದು ಅದಕ್ಕೆ ಆಜ್ಞೆ ಹೋಗಿದೆ ಎಂಬುದನ್ನು. ವೇಲ್ಸ್‌ನಲ್ಲಿ ಮುಚ್ಚಿದ ವಾಲ್ವ್ ತೆರೆದಂತೆ ಕಂಡಿತು, ಇಲ್ಲಿ ತೆರೆದದ್ದು ಮುಚ್ಚಿದಂತೆ ಕಂಡಿತು. ಅಂದು ಪಾಳಿಯಲ್ಲಿದ್ದ ಒಬ್ಬ ಆಪರೇಟರ್, ಆ ಅಲಾರಂ ಪ್ಯಾನೆಲ್ಲನ್ನೇ ಕಿತ್ತೆಸೆಯಬೇಕು ಎನಿಸಿತ್ತು, ಅದರಿಂದ ಯಾವ ಉಪಯೋಗವೂ ಇರಲಿಲ್ಲ ಎಂದು ತನಿಖಾ ಆಯೋಗದ ಮುಂದೆ ಹೇಳಿದರು. ಹದಿನೈದು ವರ್ಷದ ಮೇಲೆ ವೇಲ್ಸ್‌ನಲ್ಲಿ ಅದೇ ಆಯಿತೆಂದರೆ, ಆ ಮಾತನ್ನು ತೈಲೋದ್ಯಮ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದೇ ಅರ್ಥ.

ಮಿಲ್ಫರ್ಡ್ ಹೇವನ್ ನಂತರ ಕೇಳಿಸಿಕೊಂಡರು. 1999ರಲ್ಲಿ ಬ್ರಿಟನ್ನಿನ ಉದ್ಯಮ ಸಂಸ್ಥೆ ಇಇಎಂಯುಎ ತನ್ನ 191ನೇ ಪ್ರಕಟಣೆಯಲ್ಲಿ ಅಲಾರಂ ವ್ಯವಸ್ಥೆಗೆ ಅಳತೆಗೋಲು ಕೊಟ್ಟಿತು. ಸ್ಥಾವರ ಸುಗಮವಾಗಿ ನಡೆಯುವಾಗ ಒಬ್ಬ ಆಪರೇಟರ್‌ಗೆ ಸರಾಸರಿ 10 ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬಾರದಿದ್ದರೆ ಒಳ್ಳೆಯದು. ದೊಡ್ಡ ಏರುಪೇರಾದಾಗ, ಮೊದಲ 10 ನಿಮಿಷದಲ್ಲಿ ಹತ್ತರೊಳಗೆ ಇದ್ದರೆ ನಿಭಾಯಿಸಬಹುದು. ನೂರು ದಾಟಿದರೆ ಕೈಮೀರಿತು. ಹತ್ತು ನಿಮಿಷಕ್ಕೆ ಹತ್ತು ದಾಟಿದ ಸ್ಥಿತಿಗೆ ಈ ಕ್ಷೇತ್ರದವರು ಅಲಾರಂ ಪ್ರವಾಹ ಎನ್ನುತ್ತಾರೆ. ದರ್ಜೆ ಹಂಚುವುದಕ್ಕೂ ಒಂದು ಪ್ರಮಾಣವಿದೆ: ನೂರು ಅಲಾರಂನಲ್ಲಿ 80ರಷ್ಟು ಕೆಳದರ್ಜೆ, 15ರಷ್ಟು ನಡುದರ್ಜೆ, 5 ಮಾತ್ರ ಮೇಲುದರ್ಜೆ. ವೇಲ್ಸ್‌ನ ಶೇ 87ನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಅಳತೆಗೋಲು ಸಿಕ್ಕಿತು, ಕೆಲಸ ಮಾತ್ರ ಬೇಸರ ತರಿಸುವಂಥದ್ದು. ಇರುವ ಅಲಾರಂಗಳನ್ನೆಲ್ಲ ಒಂದೊಂದಾಗಿ ಮೇಜಿನ ಮೇಲಿಟ್ಟು ಪರಿಶೀಲಿಸಬೇಕು. ಪ್ರಕ್ರಿಯೆ ಬಲ್ಲ ಎಂಜಿನಿಯರ್, ಇನ್‌ಸ್ಟ್ರುಮೆಂಟ್ ವಿಭಾಗದವರು, ಪಾಳಿಯ ಆಪರೇಟರ್ ಒಟ್ಟಿಗೆ ಕುಳಿತು ಪ್ರತಿಯೊಂದಕ್ಕೂ ಅದದೇ ಪ್ರಶ್ನೆ ಕೇಳಬೇಕು. ಇದು ಯಾಕೆ ಕೂಗುತ್ತದೆ? ಕೂಗಿದರೆ ಆಪರೇಟರ್ ಏನು ಮಾಡಬೇಕು? ಮಾಡಲು ಎಷ್ಟು ಸಮಯವಿದೆ? ಮಾಡದಿದ್ದರೆ ಆಗುವ ಹಾನಿ ಎಷ್ಟು? ಎರಡನೆಯ ಪ್ರಶ್ನೆಗೇ ಅರ್ಧದಷ್ಟು ಅಲಾರಂಗಳು ಉತ್ತರವಿಲ್ಲದೆ ತಡವರಿಸುವುದುಂಟು. ‘ಗಮನಿಸುತ್ತಿರಬೇಕು’ ಎಂಬುದು ಉತ್ತರವಲ್ಲ; ಆಪರೇಟರ್ ಹೇಗೂ ಗಮನಿಸುತ್ತಲೇ ಇರುತ್ತಾನೆ. ಉತ್ತರ ಇಲ್ಲದ್ದನ್ನು ತೆಗೆಯಬೇಕು. ಆದರೆ ತೆಗೆಯುವ ಹೊತ್ತಿಗೆ ಎಲ್ಲರಿಗೂ ಅಳುಕು. ನಾಳೆ ಏನಾದರೂ ಆದರೆ ‘ಅಲಾರಂ ತೆಗೆದವರು ಯಾರು’ ಎಂಬ ಪ್ರಶ್ನೆ ಬರುತ್ತದೆ. ‘ಬೇಡದ ಅಲಾರಂ ಇಟ್ಟವರು ಯಾರು’ ಎಂದು ಇದುವರೆಗೆ ಯಾರೂ ಕೇಳಿದ್ದಿಲ್ಲ. ಸಹಿ ಹಾಕಿ ತೆಗೆಯುವ ಧೈರ್ಯವಿರುವ ಹಿರಿಯ ಎಂಜಿನಿಯರ್ ಇರುವ ಕಡೆ ಮಾತ್ರ ಈ ಕೆಲಸ ಕೊನೆಮುಟ್ಟುತ್ತದೆ.

ಉಳಿದವುಗಳಲ್ಲೂ ತೊಡಕುಗಳಿರುತ್ತವೆ. ಟ್ಯಾಂಕಿನ ಮಟ್ಟ ಮಿತಿಯ ಆಸುಪಾಸಿನಲ್ಲೇ ಅಲುಗಾಡುತ್ತಿದ್ದರೆ ಅಲಾರಂ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ನಿಮಿಷಕ್ಕೆ ಮೂರು ಸಲ ಹೀಗೆ ಬಡಬಡಿಸುವ ಒಂದೇ ಅಲಾರಂ ಇಡೀ ಪಾಳಿಯ ನೆಮ್ಮದಿ ಕೆಡಿಸಬಲ್ಲದು. ಬರುವ ಮಿತಿಗೂ ಹೋಗುವ ಮಿತಿಗೂ ನಡುವೆ ಸ್ವಲ್ಪ ಅಂತರ, ಕೆಲವು ಸೆಕೆಂಡುಗಳ ವಿಳಂಬ, ಇವೆರಡನ್ನು ಸರಿಯಾಗಿ ಇಟ್ಟರೆ ಅದು ಸುಮ್ಮನಾಗುತ್ತದೆ. ಇನ್ನು ಕೆಲವು ದಿನಗಟ್ಟಲೆ, ವಾರಗಟ್ಟಲೆ ಪರದೆಯ ಮೇಲೆ ಕೆಂಪಗೆ ನಿಂತೇ ಇರುತ್ತವೆ. ಆ ಕೆಂಪು ಕಣ್ಣಿಗೆ ಒಗ್ಗಿಹೋಗುತ್ತದೆ. ದುರಸ್ತಿಗೆಂದು ತಾವೇ ನಿಲ್ಲಿಸಿದ ಪಂಪ್, ‘ಹರಿವು ಕಡಿಮೆ’, ‘ಒತ್ತಡ ಕಡಿಮೆ’ ಎಂದು ಗಂಟೆಗಟ್ಟಲೆ ದೂರುತ್ತಿರುತ್ತದೆ. ಪಂಪ್ ನಿಂತಿರುವಾಗ ಅದರ ಅಲಾರಂಗಳೂ ತಾವಾಗಿ ನಿಲ್ಲುವಂತೆ ಬರೆಯುವುದು ಕಷ್ಟವೇನಲ್ಲ, ಬರೆಯುವ ವ್ಯವಧಾನ ಬೇಕಷ್ಟೆ. ದೊಡ್ಡ ಕಂಪ್ರೆಸರ್ ಒಂದು ಟ್ರಿಪ್ ಆದಾಗ ಅದರ ಹಿಂದೆ ಮುಂದೆ ಇರುವ ಐವತ್ತು ಮಾಪಕಗಳೂ ಒಟ್ಟಿಗೆ ಅರಚುತ್ತವೆ. ಮೊದಲು ಕೂಗಿದ್ದು ಯಾವುದು ಎಂಬುದೊಂದೇ ಆ ಹೊತ್ತಿಗೆ ಬೇಕಾದ ಸುದ್ದಿ. ಮಿಕ್ಕ ನಲವತ್ತೊಂಬತ್ತು ಅದರ ಪರಿಣಾಮಗಳು.

ಇಷ್ಟೆಲ್ಲ ಅಚ್ಚುಕಟ್ಟು ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮನುಷ್ಯನ ಕೈಗೆ ಕೊಡಲೇಬಾರದ ಕೆಲಸಗಳು ಯಾವುವು? ಇಲ್ಲಿಂದ ಮುಂದೆ ವಿಷಯ ಅಲಾರಂ ದಾಟಿ ಕ್ರಿಯಾತ್ಮಕ ಸುರಕ್ಷತೆಯ ಕಡೆಗೆ ಹೊರಳುತ್ತದೆ. ಅಡುಗೆಮನೆಯ ಪ್ರೆಷರ್ ಕುಕ್ಕರನ್ನೇ ನೋಡಿ. ಮುಚ್ಚಳದ ಮೇಲಿನ ವೆಯ್ಟ್ ಎದ್ದು ಕೂತು ಒತ್ತಡವನ್ನು ಹದದಲ್ಲಿಡುತ್ತದೆ. ಅದರ ಸೀಟಿ, ಒಲೆ ಆರಿಸು ಎಂದು ಮನೆಯವರನ್ನು ಕೂಗಿ ಕರೆಯುತ್ತದೆ. ವೆಯ್ಟ್‌ನ ರಂಧ್ರ ಕಟ್ಟಿಕೊಂಡು, ಮನೆಯವರೂ ಹತ್ತಿರವಿಲ್ಲದಿದ್ದರೆ ಮುಚ್ಚಳದಲ್ಲಿರುವ ಸೇಫ್ಟಿ ಪ್ಲಗ್ ಕರಗಿ ಆವಿಯನ್ನು ಹೊರಬಿಡುತ್ತದೆ. ಅದು ಯಾರನ್ನೂ ಕರೆಯುವುದಿಲ್ಲ, ಯಾರ ಅಪ್ಪಣೆಗೂ ಕಾಯುವುದಿಲ್ಲ, ವೆಯ್ಟ್ ಕೆಟ್ಟಿತೆಂದು ತಾನೂ ಕೆಡುವುದಿಲ್ಲ. ಕಾರ್ಖಾನೆಯಲ್ಲಿ ಈ ಮೂರನೆಯ ಕೆಲಸಕ್ಕೆಂದೇ ಬೇರೆ ಸೆನ್ಸರ್, ಬೇರೆ ಕಂಪ್ಯೂಟರ್, ಬೇರೆ ವಾಲ್ವ್ ಇರಬೇಕು. ದಿನನಿತ್ಯದ ನಿಯಂತ್ರಣ ವ್ಯವಸ್ಥೆ ಹುಚ್ಚಾದರೂ ಇದು ಅದರ ಹಂಗಿಲ್ಲದೆ ಸ್ಥಾವರವನ್ನು ನಿಲ್ಲಿಸಬೇಕು.

ಇದಕ್ಕೂ ಮಾನಕಗಳಿವೆ: ಎಲ್ಲ ಉದ್ಯಮಗಳಿಗೂ ಐಇಸಿ 61508, ಪ್ರಕ್ರಿಯಾ ಉದ್ಯಮಗಳಿಗೆಂದೇ ಐಇಸಿ 61511. ಇವುಗಳ ಹೃದಯದಲ್ಲಿರುವುದು ಎಸ್‌ಐಎಲ್ ಎಂಬ ದರ್ಜೆ. ಬೇಕಾದ ಹೊತ್ತಿನಲ್ಲಿ ಈ ರಕ್ಷಣೆ ಕೈಕೊಡುವ ಸಾಧ್ಯತೆ ಎಷ್ಟು ಎಂಬುದರ ಮೇಲೆ ದರ್ಜೆ ನಿಲ್ಲುತ್ತದೆ. ಒಂದನೆಯ ದರ್ಜೆಯದು ಅಪಾಯವನ್ನು ಹತ್ತರಿಂದ ನೂರು ಪಟ್ಟು ತಗ್ಗಿಸುತ್ತದೆ, ಎರಡನೆಯದು ನೂರರಿಂದ ಸಾವಿರ ಪಟ್ಟು, ಮೂರನೆಯದು ಸಾವಿರದಿಂದ ಹತ್ತು ಸಾವಿರ ಪಟ್ಟು. ಅದೇ ಲೆಕ್ಕದಲ್ಲಿ, ಅಲಾರಂ ಕೇಳಿ ಮನುಷ್ಯ ಸರಿಯಾಗಿ ವರ್ತಿಸುವುದಕ್ಕೆ ಸಾಮಾನ್ಯವಾಗಿ ಕೊಡುವ ಬೆಲೆ ಹೆಚ್ಚೆಂದರೆ ಹತ್ತು ಪಟ್ಟು. ಅದೂ ಅವನಿಗೆ ಸಾಕಷ್ಟು ಸಮಯ, ಸ್ಪಷ್ಟ ಸೂಚನೆ, ತರಬೇತಿ ಇದ್ದರೆ ಮಾತ್ರ. ಪ್ರವಾಹದ ನಡುವೆ ಮುಳುಗಿದವನಿಗೆ ಆ ಹತ್ತೂ ಇಲ್ಲ. ಅಂದರೆ ಅಲಾರಂ ಗದ್ದಲ ಬರೀ ಕಿರಿಕಿರಿಯ ವಿಷಯವಲ್ಲ. ಕಾಗದದ ಮೇಲೆ ಸುರಕ್ಷಿತ ಎಂದು ತೋರಿಸಿದ ಲೆಕ್ಕವೇ ಸುಳ್ಳಾಗುತ್ತದೆ.

ತಾನಾಗಿ ಕೆಲಸ ಮಾಡುವ ರಕ್ಷಣೆಯೂ ಮನುಷ್ಯರ ಕೈಯಲ್ಲೇ ಇದೆ ಎಂಬುದನ್ನು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೋರಿಸಿತು. ಲಂಡನ್ನಿನ ಉತ್ತರಕ್ಕಿರುವ ಆ ತೈಲ ಸಂಗ್ರಹಾಗಾರದಲ್ಲಿ 2005ರ ಡಿಸೆಂಬರ್ 10ರ ಸಂಜೆಯಿಂದ 912ನೇ ಟ್ಯಾಂಕಿಗೆ ಪೈಪ್‌ಲೈನ್ ಮೂಲಕ ಪೆಟ್ರೋಲ್ ತುಂಬುತ್ತಿತ್ತು. ನಸುಕಿನ ಮೂರರ ಹೊತ್ತಿಗೆ ಮಟ್ಟ ತೋರಿಸುವ ಗೇಜ್ ಸಿಕ್ಕಿಹಾಕಿಕೊಂಡಿತು. ಟ್ಯಾಂಕ್ ತುಂಬುತ್ತಲೇ ಇದ್ದರೂ ಪರದೆಯಲ್ಲಿ ಮಟ್ಟ ನಿಂತಲ್ಲೇ ನಿಂತಿತ್ತು. ಮಟ್ಟದ ಅಲಾರಂಗಳೆಲ್ಲ ಅದೇ ಗೇಜನ್ನು ನಂಬಿಕೊಂಡಿದ್ದರಿಂದ ಅವು ಕೂಗಲೇ ಇಲ್ಲ. ಗೇಜ್ ಹೀಗೆ ಸಿಕ್ಕಿಕೊಂಡದ್ದು ಮೊದಲ ಸಲವೂ ಅಲ್ಲ. ಅದಕ್ಕೆ ಹಿಂದಿನ ಮೂರೂವರೆ ತಿಂಗಳ ಅವಧಿಯಲ್ಲಿ 14 ಸಲ ಸಿಕ್ಕಿಕೊಂಡಿತ್ತು. ಅಲ್ಲಿನ ಪಾಳಿಯವರು ಅಲಾರಂ ಬರುವ ತನಕ ತುಂಬಿಸುತ್ತ ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. ತಪ್ಪಾದಾಗ ಕೂಗಬೇಕಾದ್ದು ದಿನನಿತ್ಯದ ಕೆಲಸದ ಗುರುತಾಗಿತ್ತು.

ಕೊನೆಯ ಕಾವಲಾಗಿ ಟ್ಯಾಂಕಿನ ಮೇಲ್ಭಾಗದಲ್ಲಿ ಗೇಜಿಗೆ ಸಂಬಂಧವಿಲ್ಲದ ಪ್ರತ್ಯೇಕ ಸ್ವಿಚ್ ಒಂದಿತ್ತು. ಪೆಟ್ರೋಲ್ ಅದನ್ನು ಮುಟ್ಟಿದರೆ ಹರಿವು ತಾನಾಗಿ ನಿಲ್ಲಬೇಕು. ಆ ಸ್ವಿಚ್‌ಗೆ ಪರೀಕ್ಷೆ ಮಾಡಲೆಂದು ಒಂದು ಸಣ್ಣ ಹಿಡಿ ಇತ್ತು. ಪರೀಕ್ಷೆ ಮುಗಿದ ಮೇಲೆ ಹಿಡಿಯನ್ನು ಸರಿಯಾದ ಸ್ಥಾನದಲ್ಲಿಟ್ಟು ಒಂದು ಬೀಗ ಹಾಕಬೇಕು. ಬೀಗವಿಲ್ಲದಿದ್ದರೆ ಹಿಡಿ ಜಾರಿ ಸ್ವಿಚ್ ಕೆಲಸ ಮಾಡುವುದಿಲ್ಲ. ಬೀಗ ಇರುವುದು ಯಾರೂ ಕೈಯಾಡಿಸದಿರಲಿ ಎಂಬುದಕ್ಕಷ್ಟೆ ಎಂದು ಅಲ್ಲಿನವರು ತಿಳಿದಿದ್ದರು. ಹಾಗಾಗಿ ಬೀಗ ಹಾಕಿರಲಿಲ್ಲ. ಮಾಡಿಕೊಟ್ಟವರು, ಕೂರಿಸಿದವರು, ಬಳಸುವವರು ಈ ಮೂವರ ನಡುವೆ ಎಲ್ಲೋ ಆ ಒಂದು ಮಾತು ತಲುಪದೆ ಹೋಯಿತು. ಟ್ಯಾಂಕ್ ಉಕ್ಕಿತು, ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಪೆಟ್ರೋಲ್ ಹೊರಗೆ ಸುರಿಯಿತು, ಅದರ ಆವಿ ನೆಲದ ಮೇಲೆ ಮಂಜಿನಂತೆ ಹರಡಿತು. ಡಿಸೆಂಬರ್ 11ರ ಬೆಳಿಗ್ಗೆ 6 ಗಂಟೆಯ ಹೊತ್ತಿಗೆ ಸ್ಫೋಟ. 43 ಮಂದಿ ಗಾಯಗೊಂಡರು. ಭಾನುವಾರದ ಮುಂಜಾವಾದ್ದರಿಂದ ಇಲ್ಲಿಯೂ ಜೀವಗಳು ಉಳಿದವು.

ಸೇಫ್ಟಿ ವ್ಯವಸ್ಥೆಯ ಕಷ್ಟ ಇದೇ. ದಿನವೂ ಓಡುವ ಪಂಪ್ ಕೆಟ್ಟರೆ ಆ ಗಳಿಗೆಯಲ್ಲೇ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆಯೂ ಕೆಲಸವಿಲ್ಲದ ಸ್ವಿಚ್ ಕೆಟ್ಟರೆ ಗೊತ್ತಾಗುವುದು ಅದು ಬೇಕಾದ ದಿನ. ಆದ್ದರಿಂದಲೇ ನಿಗದಿತ ಅವಧಿಗೊಮ್ಮೆ ಸೆನ್ಸರಿನಿಂದ ವಾಲ್ವ್‌ವರೆಗೆ ಇಡೀ ಸರಣಿಯನ್ನು ಪರೀಕ್ಷಿಸಬೇಕು ಎಂದು ಮಾನಕ ಹೇಳುತ್ತದೆ. ಉತ್ಪಾದನೆಯ ಒತ್ತಡವಿದ್ದಾಗ ಮುಂದಕ್ಕೆ ಹೋಗುವ ಮೊದಲ ಕೆಲಸವೂ ಈ ಪರೀಕ್ಷೆಯೇ.

ನಮ್ಮ ದೇಶದ ಪಾಠಗಳು ಇದಕ್ಕಿಂತ ಕಹಿ. ಭೋಪಾಲದಲ್ಲಿ 1984ರ ಡಿಸೆಂಬರಿನ ಆ ರಾತ್ರಿ, ಮೀಥೈಲ್ ಐಸೊಸಯನೇಟ್ ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ನಿಲ್ಲಿಸಿ ತಿಂಗಳುಗಳೇ ಆಗಿದ್ದವು. ತಂಪು ಹೋದ ಮೇಲೆ ಟ್ಯಾಂಕಿನ ಉಷ್ಣಾಂಶ ಸದಾ ಅಲಾರಂ ಮಿತಿಗಿಂತ ಮೇಲೆಯೇ ಇರುತ್ತಿತ್ತು. ಹೀಗಾಗಿ ಆ ಅಲಾರಂ ಏನನ್ನೂ ಹೇಳಲಾರದ ಸ್ಥಿತಿಗೆ ಬಂದಿತ್ತು. ಸೋರಿದ ಅನಿಲವನ್ನು ಸುಡಬೇಕಾಗಿದ್ದ ಫ್ಲೇರ್‌ನ ಪೈಪನ್ನು ದುರಸ್ತಿಗೆಂದು ಬಿಚ್ಚಿಟ್ಟಿದ್ದರು. 2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರದ ತೈಲ ಡಿಪೊದಲ್ಲಿ ಪೆಟ್ರೋಲ್ ಸೋರತೊಡಗಿದಾಗ, ಟ್ಯಾಂಕಿನ ವಾಲ್ವನ್ನು ಕಂಟ್ರೋಲ್ ರೂಮಿನಿಂದಲೇ ಮುಚ್ಚುವ ಸೌಲಭ್ಯ ಕೆಲಸ ಮಾಡುತ್ತಿರಲಿಲ್ಲ. ರಕ್ಷಣೆಯನ್ನು ತಾತ್ಕಾಲಿಕವಾಗಿ ಬದಿಗಿಡುವುದಕ್ಕೆ ಕಾರ್ಖಾನೆಯ ಮಾತಿನಲ್ಲಿ ಬೈಪಾಸ್ ಎನ್ನುತ್ತಾರೆ. ದುರಸ್ತಿಯ ವೇಳೆ ಅದು ಬೇಕಾಗುತ್ತದೆ, ತಪ್ಪಲ್ಲ. ಯಾರ ಸಹಿಯಿಂದ, ಎಷ್ಟು ಗಂಟೆಗೆ, ಅಷ್ಟರವರೆಗೆ ಬದಲಿ ಕಾವಲು ಏನು ಎಂದು ಬರೆದಿಡದ ಬೈಪಾಸ್ ಮಾತ್ರ ಅಪಾಯ. ಒಂದು ಪಾಳಿಯಿಂದ ಇನ್ನೊಂದು ಪಾಳಿಗೆ ಕೈ ಬದಲಾಯಿಸುವಾಗ ಮೊದಲು ಓದಬೇಕಾದ ಪುಟ ಅದು. ಉತ್ಪಾದನೆಯ ಅಂಕಿ ಆಮೇಲೆ ಓದಿದರೂ ನಡೆಯುತ್ತದೆ.

ಈವರೆಗೆ ಹೇಳಿದ್ದೆಲ್ಲ ಕಾಂಪೌಂಡಿನ ಒಳಗಿನ ಮಾತು. ಕೊನೆಯ ಒಂದು ಅಲಾರಂ ಹೊರಗಿನವರಿಗಾಗಿಯೇ ಇರುತ್ತದೆ. ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ 2020ರ ಮೇ 7ರ ನಸುಕಿನಲ್ಲಿ ಸ್ಟೈರೀನ್ ಆವಿ ಸೋರಿ ಪಕ್ಕದ ವೆಂಕಟಾಪುರಂ ಮೊದಲಾದ ಊರುಗಳಿಗೆ ಹಬ್ಬಿತು. 12 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಲಾಕ್‌ಡೌನ್‌ನಿಂದ ಕಾರ್ಖಾನೆ ನಿಂತಿತ್ತು, ಟ್ಯಾಂಕಿನಲ್ಲಿದ್ದ ಸ್ಟೈರೀನ್ ನಿಂತಲ್ಲೇ ಬಿಸಿಯಾಗುತ್ತಿತ್ತು. ಉಷ್ಣಾಂಶ ಅಳೆಯುತ್ತಿದ್ದದ್ದು ಟ್ಯಾಂಕಿನ ತಳಭಾಗದಲ್ಲಿ ಮಾತ್ರ. ಮೇಲಿನ ಪದರ ಕಾಯುತ್ತಿರುವುದನ್ನು ಹೇಳುವ ಸೆನ್ಸರ್ ಇರಲಿಲ್ಲ. ಅಳೆಯದೆ ಇದ್ದದ್ದಕ್ಕೆ ಯಾವ ಅಲಾರಂ ಕೂಗೀತು? ಆವರಣದಲ್ಲಿ ಸೈರನ್ ಮೊಳಗಿಸುವ ಗುಂಡಿಗಳು ಹಲವು ಕಡೆ ಇದ್ದರೂ ಅಂದು ಯಾರೂ ಅವನ್ನು ಒತ್ತಲಿಲ್ಲ ಎಂದು ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಹೇಳಿತು. ನಿದ್ದೆಯಲ್ಲಿದ್ದ ಜನರನ್ನು ಎಬ್ಬಿಸಿದ್ದು ವಾಸನೆ ಮತ್ತು ಕಣ್ಣುರಿ.

ಸೈರನ್ ಮೊಳಗಿದ್ದರೆ ಜನ ಏನು ಮಾಡುತ್ತಿದ್ದರು? ಕಂಟ್ರೋಲ್ ರೂಮಿನ ಅಲಾರಂಗೆ ಕೇಳುವ ಪ್ರಶ್ನೆಯನ್ನೇ ಇದಕ್ಕೂ ಕೇಳಬೇಕು. ಕಿಟಕಿ ಬಾಗಿಲು ಮುಚ್ಚಿ ಒಳಗಿರಬೇಕೆ, ಹೊರಗೆ ಓಡಬೇಕೆ, ಓಡುವುದಾದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಯಾವ ರಸ್ತೆ ಹಿಡಿಯಬೇಕು, ಒದ್ದೆ ಬಟ್ಟೆ ಮುಖಕ್ಕೆ ಹಿಡಿಯಬೇಕೆ, ಇದು ಅನಿಲದಿಂದ ಅನಿಲಕ್ಕೆ ಬದಲಾಗುತ್ತದೆ. ಮೊದಲೇ ಹೇಳಿಕೊಡದಿದ್ದರೆ ಮೊಳಗಿದ ಸೈರನ್ನಿಂದ ಹುಟ್ಟುವುದು ಗಾಬರಿ ಮಾತ್ರ.

ಹೇಳಿಕೊಡುವುದು ಕಾರ್ಖಾನೆಯ ಔದಾರ್ಯವಲ್ಲ, ಕರ್ತವ್ಯ. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದಿಗೆ ಸಂಬಂಧಿಸಿದ 1989ರ ಕೇಂದ್ರ ನಿಯಮಗಳ ಪ್ರಕಾರ, ದೊಡ್ಡ ಅವಘಡವಾದರೆ ತೊಂದರೆಗೊಳಗಾಗಬಹುದಾದ ಸುತ್ತಲಿನ ಜನರಿಗೆ ಆ ಅವಘಡದ ಸ್ವರೂಪವನ್ನೂ, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನೂ ತಿಳಿಸಬೇಕು. ಆವರಣದೊಳಗಿನ ತುರ್ತುಯೋಜನೆಯ ಅಣಕು ಕಾರ್ಯಾಚರಣೆ ಆರು ತಿಂಗಳಿಗೊಮ್ಮೆ ನಡೆಯಬೇಕು. ಆವರಣದ ಹೊರಗಿನ ಯೋಜನೆಯದು ವರ್ಷಕ್ಕೊಮ್ಮೆಯಾದರೂ ಆಗಬೇಕು. ಪಣಂಬೂರು, ಬೈಕಂಪಾಡಿ, ಕುತ್ತೆತ್ತೂರುಗಳ ಆಸುಪಾಸಿನಲ್ಲಿ, ನಮ್ಮ ಯಾವುದೇ ಕೈಗಾರಿಕಾ ಪ್ರದೇಶದ ಗೋಡೆಯಾಚೆ ಇರುವವರು ಗ್ರಾಮ ಪಂಚಾಯಿತಿಯಲ್ಲೋ ವಾರ್ಡ್ ಸಭೆಯಲ್ಲೋ ಎದ್ದು ನಿಂತು ಕೇಳಬಹುದು: ಇಲ್ಲಿ ಯಾವ ರಾಸಾಯನಿಕವಿದೆ, ಯಾವ ಸೈರನ್ ಯಾವುದಕ್ಕೆ, ಅದು ಕೇಳಿಸಿದರೆ ನಾವು ಎಲ್ಲಿಗೆ ಹೋಗಬೇಕು, ಕಳೆದ ವರ್ಷ ಅಣಕು ಕಾರ್ಯಾಚರಣೆ ನಡೆದದ್ದು ಯಾವ ತಾರೀಕಿನಂದು?